ಕೆಂಪು ಟೇಪಿನ ಕಟ್ಟು

ರಾಯದುರ್ಗ
14 ಡಿಸೆಂಬರ್ 2024, ಶನಿವಾರ

ಪ್ರೀತಿಯ ತಂಗಿ ಓಬಳಮ್ಮನಿಗೆ,

ನಿನ್ನ ಅಕ್ಕ ಲಕ್ಷ್ಮಿದೇವಿಯ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಲ್ಲ, ಅದಕ್ಕೆ ಬರೆದಿದ್ದೇನೆ, ನಂಬಬೇಡ. ನಿನ್ನೆ ಮಧ್ಯಾಹ್ನ ಉಂಡು ಹತ್ತು ನಿಮಿಷ ಗೋಡೆಗೆ ಒರಗಿದ್ದಷ್ಟೇ, ಕೆಟ್ಟ ಕನಸು ಬಿತ್ತು. ನಿಮ್ಮ ಮನೆಯ ಅಂಗಳದಲ್ಲಿ ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದ್ದೀರಿ. ಹತ್ತಿರ ಹೋಗಿ ನೋಡಿದರೆ ಗೂಡು ಕಟ್ಟುತ್ತಿರುವುದು ರೇಷ್ಮೆ ಹುಳವೇ ಅಲ್ಲ, ಜಿರಲೆ! ಒಂದೊಂದೂ ಮೀಸೆ ಅಲ್ಲಾಡಿಸುತ್ತಾ ಕಂದು ಬಣ್ಣದ ನೂಲು ಬಿಡುತ್ತಿದೆ. ನೀನು ಸೆರಗು ಸಿಕ್ಕಿಸಿಕೊಂಡು ಆ ಗೂಡುಗಳನ್ನೇ ಬಿಡಿಸಿ ಬುಟ್ಟಿಗೆ ಹಾಕುತ್ತಾ "ಈ ಸಲ ಬೆಳೆ ಚೆನ್ನಾಗ್ ಬಂತಕ್ಕ" ಅನ್ನುತ್ತಿದ್ದೀಯ. ಅಯ್ಯೋ ಬೇಡ ಕಣೇ, ಮುಟ್ಟಬೇಡ ಎಂದು ಕೂಗಲು ಹೋದರೆ ನನ್ನ ಬಾಯಿಂದ ಬರೀ ಗಾಳಿ ಬರುತ್ತಿದೆ. ಎಚ್ಚರವಾದಾಗ ನಮ್ಮ ಅತ್ತೆ ಹಂಪಕ್ಕ ಎದುರಿಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. "ಹಗಲೊತ್ತಿನ್ಯಾಗ ಯಾಕ ಹಿಂಗ ಒದರ್ತಿ? ಬಾಜು ಮನಿಯವ್ರು ನಾನೇ ಏನೋ ಮಾಡೀನಿ ಅಂತ ತಿಳ್ಕೋಬೇಕು" ಅಂದರು.

ಕಾಗದ ಬರೆಯಲು ಎಂಟು ದಿನ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿಜ ಹೇಳಬೇಕೆಂದರೆ ಬರೆಯುವ ಯೋಚನೆಯೇ ಇರಲಿಲ್ಲ. ನೀನು ಫೋನ್ ಎತ್ತಿದ್ದರೆ ಮಾತಿನಲ್ಲೇ ಮುಗಿಯುತ್ತಿತ್ತು. ಮೊದಲ ದಿನ ಹನ್ನೊಂದು ಸಲ ಮಾಡಿದೆ, ಆಮೇಲೆ ಎಣಿಸುವುದು ಬಿಟ್ಟೆ. ನೀನು ಫೋನಿಗೆ ಹಾಕಿಸಿಕೊಂಡಿರುವ ದೇವರ ಹಾಡು ಕೇಳಿ ಕೇಳಿ ಬಾಯಿಪಾಠವಾಗಿದೆ. ಕೊನೆಗೆ ನಿಮ್ಮ ಬಾವ ಬಸ್ ಡಿಪೋದಿಂದ ನಾಲ್ಕು ಹಾಳೆ ತಂದುಕೊಟ್ಟು, "ಬರದು ಕಳಿಸು, ಕಂಡಕ್ಟರ್ ಕೈಲಿ ಕೊಡ್ತೀನಿ. ನನ್ನ ತಲಿ ತಿನ್ನಬ್ಯಾಡ" ಅಂದರು. ಆರನೇ ತರಗತಿಗೆ ನಿಂತ ಅಕ್ಷರ ನನ್ನದು. ಒತ್ತು ತಪ್ಪಿದ ಕಡೆ ನೀನೇ ಸರಿ ಮಾಡಿಕೊಂಡು ಓದು. ನೀನು ಹತ್ತು ಓದಿದವಳು.

ಸುದ್ದಿ ಹೇಳಿದ್ದು ನಿನ್ನ ಗಂಡ ಲಕ್ಷ್ಮೀನರಸಪ್ಪನವರು. ಹೋದ ಶುಕ್ರವಾರ ಬೆಳಿಗ್ಗೆ ನಾನು ಬಚ್ಚಲ ಜಾಲರಿ ತಿಕ್ಕುತ್ತಿದ್ದೆ. ಫೋನ್ ಮಾಡಿ "ಅಕ್ಕಾ, ಹುಳ ಹೋದ್ವು" ಅಂದರು. ನಾಲ್ಕನೇ ಜ್ವರ ಎದ್ದು ಚೆನ್ನಾಗಿಯೇ ಸೊಪ್ಪು ತಿನ್ನುತ್ತಿದ್ದವಂತೆ. ತಟ್ಟೆಯ ಹಾಸು ತೆಗೆದು ಹುಳದ ಕೆಳಗೆ ಹೊಸ ಪೇಪರ್ ಹಾಸಿದ ಮಾರನೆಯ ದಿನವೇ ತಲೆ ಎತ್ತಿ ಅತ್ತಿತ್ತ ಆಡಿಸಿ, ಹಸಿರು ನೀರು ಕಕ್ಕಿ, ಸಂಜೆಯೊಳಗೆ ಸಾಲಾಗಿ ಮಲಗಿದವಂತೆ. "ಇದು ರೋಗ ಅಲ್ಲಕ್ಕ, ಔಷದಿ. ರೇಷ್ಮೆ ಇಲಾಖೆಯೋರು ಬಂದು ನೋಡಿ ಅದ್ನೇ ಅಂದ್ರು. ಸಾಕಾಯ್ತು ನಂಗೆ. ಸಂಕ್ರಾಂತಿ ಕಳೀಲಿ, ಜೆಸಿಬಿ ತರ್ಸಿ ಸೊಪ್ಪಿನ ತೋಟ ಕಿತ್ತಾಕ್ತೀನಿ" ಅಂದರು. ಓಬಳಮ್ಮನ ಕೈಗೆ ಫೋನ್ ಕೊಡಿ ಅಂದೆ. ಒಳಗೆ ಹೋಗಿ ಕೇಳಿದರು. ಆಮೇಲೆ "ಅವ್ಳು ಮಾತಾಡಲ್ವಂತೆ" ಅಂದರು.

ಪಕ್ಕದಲ್ಲೇ ನಿಂತಿದ್ದ ಹಂಪಕ್ಕ "ಹುಳಕ್ಕೂ ಜ್ವರ ಬರ್ತದೇನು?" ಎಂದು ಕೇಳಿದರು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ, ನಾಲ್ಕು ಸಲ ಜ್ವರಕ್ಕೆ ಕೂತು ಎದ್ದ ಮೇಲೆ ಗೂಡು ಕಟ್ಟುತ್ತವೆ ಎಂದು ಬಿಡಿಸಿ ಹೇಳಿದೆ. "ಮತ್ತ ಗುಳಿಗಿ ಕೊಡಬೇಕಿತ್ತು" ಅಂದರು. ಇಂಥವರ ಜೊತೆ ನಾನು ದಿನ ದೂಡುತ್ತಿದ್ದೇನೆ.

ಆ ಹಿಪ್ಪುನೇರಳೆ ತೋಟವನ್ನು ನೀನು ಹೇಗೆ ಹಾಕಿದೆ ಎಂದು ನನಗೆ ಗೊತ್ತು. ಗಂಗೋತ್ರಿ ಹೊಟ್ಟೆಯಲ್ಲಿದ್ದಾಗ ಕಡ್ಡಿ ನೆಟ್ಟು ಕೊಡದಲ್ಲಿ ನೀರು ಹೊತ್ತು ಹಾಕಿದವಳು ನೀನು. ಅದನ್ನು ಜೆಸಿಬಿ ಬಂದು ಕೀಳುವುದು ನಾನು ಹುಳಕ್ಕೆ ಹಾಸಲು ಕಳಿಸಿದ ಹಳೇ ಪೇಪರಿನಿಂದ ಎಂದಾದರೆ ನಾನು ಯಾವ ಮುಖ ಇಟ್ಟುಕೊಂಡು ನಿಮ್ಮ ಹೊಸ್ತಿಲು ತುಳಿಯಲಿ? ಆದ್ದರಿಂದ ಏನೇನು ನಡೆಯಿತು ಎಂದು ಮೊದಲಿನಿಂದ ಹೇಳುತ್ತೇನೆ. ಪೂರ್ತಿ ಓದಿ ಆಮೇಲೆ ಬೈಯಿ.

ನಮ್ಮ ಈ ಮನೆ ನೀನು ನೋಡಿದ್ದೀಯ. ಬಳ್ಳಾರಿ ರಸ್ತೆಯ ಹೊಸ ವೆಂಚರ್, ದೊಡ್ಡ ಲೇಔಟು ಎಂದು ಬಣ್ಣದ ಕಾಗದ ತೋರಿಸಿ ಸೈಟು ಮಾರಿದ್ದರು. ಪಾರ್ಕು ಬರುತ್ತದೆ, ಮೋರಿ ಬರುತ್ತದೆ ಎಂದಿದ್ದರು. ಬಂದದ್ದು ಜೀನ್ಸಿನ ಚಿಂದಿ. ನಮ್ಮ ಎಡಕ್ಕಿರುವ ಖಾಲಿ ಸೈಟಿನಲ್ಲಿ ಯಾರೋ ಪ್ಯಾಂಟು ಹೊಲಿಯುವವರು ವಾರಕ್ಕೊಮ್ಮೆ ಟ್ರ್ಯಾಕ್ಟರಿನಲ್ಲಿ ತಂದು ಸುರಿಯುತ್ತಾರೆ. ಆ ನೀಲಿ ಗುಡ್ಡೆಯೊಳಗೆ ಇಲಿಗಳು ಸಂಸಾರ ಹೂಡಿವೆ. ಅಲ್ಲಿಂದ ನಮ್ಮ ಬಚ್ಚಲ ಪೈಪು, ಪೈಪಿನಿಂದ ಅಡುಗೆಮನೆ. ವಾರ್ಡ್ ಸಚಿವಾಲಯಕ್ಕೆ ಹೋಗಿ ಹೇಳಿದರೆ ಅಲ್ಲಿದ್ದ ಹುಡುಗಿ "ಇಲಿ ಫೋಟೋ ತೆಗ್ದು ಆಪ್‌ನಲ್ಲಿ ಹಾಕಮ್ಮಾ" ಅಂತಾಳೆ. ಇಲಿಗೆ ನಿಂತುಕೋ ಅನ್ನಲೇ ನಾನು?

ನಾನೇನು ಸುಮ್ಮನೆ ಕೂತಿರಲಿಲ್ಲ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದೆ. ಪೈಪಿನ ಬಾಯಿಗೆ ಜಾಲರಿ ಕಟ್ಟಿದೆ. ಅಕ್ಕಿ, ರಾಗಿ, ಬೇಳೆ ಎಲ್ಲ ಡಬ್ಬಕ್ಕೆ ಹೋದವು, ಅಕ್ಕಿಗೆ ಬೇವಿನ ಎಲೆ, ರವೆಗೆ ಲವಂಗ. ಮುಸುರೆ ಪಾತ್ರೆಯನ್ನು ಒಂದು ಗಳಿಗೆಯೂ ಇಡುವುದಿಲ್ಲ. ಸಿಂಕನ್ನು ಒಣ ಬಟ್ಟೆಯಿಂದ ಒರೆಸಿದ ಮೇಲೇ ನಾನು ಮಲಗುವುದು. ಬೋರಿಕ್ ಪುಡಿಗೆ ಸಕ್ಕರೆ, ಹಿಟ್ಟು ಕಲಸಿ ಉಂಡೆ ಮಾಡಿ ಮೂಲೆಮೂಲೆಗೆ ಇಟ್ಟೆ. ನಿಮ್ಮ ಬಾವ ಡಿಪೋದಿಂದ ಬಂದವರೇ ಒಂದು ಉಂಡೆ ಬಾಯಿಗೆ ಹಾಕಿಕೊಳ್ಳಲು ಹೋದರು, ಕೈ ಮೇಲೆ ಹೊಡೆದು ಬೀಳಿಸಿದೆ. ಇರುವೆ ಸಾಲಿಗೆ ಅರಿಶಿನ ಹಾಕಿದರೆ ಅವು ಅರಿಶಿನ ಹಚ್ಚಿಕೊಂಡು ಮದುವೆ ದಿಬ್ಬಣದ ಹಾಗೆ ಹೋದವು. ದೇವರಮನೆ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿತು. ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು.

ಹಂಪಕ್ಕನಿಗೆ ಇದೆಲ್ಲ ನಾಟಕ. "ನಿಮ್ಮ ಅವ್ವನ ಮನ್ಯಾಗ ಹುಳಕ್ಕ ಹಾಸಿಗಿ ಹಾಸಿ ಮ್ಯಾಲ ಸೊಪ್ಪು ಹೊದಿಸಿ ಸಾಕ್ತೀರಿ. ನನ್ನ ಮನ್ಯಾಗ ಒಂದು ಜಿರಲಿ ಕಂಡ್ರ ಚಿಟ್ಟನ ಚೀರ್ತಿ. ಹುಳಕ್ಕೇನ್ ಗೊತ್ತಾಗ್ತತವ್ವ, ಇದು ನಿಮ್ಮೂರು ರೊಳ್ಳನೋ ನಮ್ಮ ರಾಯದುರ್ಗನೋ ಅಂತ?" ಎಂದು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಆ ನಗು ಎಲ್ಲಿಯವರೆಗೆ ಅಂದರೆ, ಒಂದು ಬೆಳಿಗ್ಗೆ ಅವರ ಕಿವಿಗೆ ಹಾಕಿಕೊಳ್ಳುವ ಮಿಷನ್ನಿನ ಡಬ್ಬಿಯೊಳಗಿಂದ ಜಿರಲೆ ಹೊರಬಂದು ಅವರ ಕೈ ಮೇಲೆ ಓಡುವವರೆಗೆ. ಅವತ್ತು ಚೀರಿದ್ದು ನಾನಲ್ಲ. "ಭೀಮೇಶಾ! ಇವತ್ತ ಔಷಧಿ ಹೊಡಿಯಾವನ್ನ ಕರಸ್ತಿಯೋ, ಇಲ್ಲಾ ನನ್ನ ತಂಗಿ ಮನಿಗೆ ಬಿಟ್ಟು ಬರ್ತಿಯೋ?" ಎಂದು ಕೂತುಬಿಟ್ಟರು. ಒಂದು ವರ್ಷದಿಂದ ನಾನು ಬೇಡಿಕೊಂಡಾಗ "ಅವೂ ಬದುಕ್ಲಿ ಬಿಡು" ಅನ್ನುತ್ತಿದ್ದ ನಿಮ್ಮ ಬಾವ ಅರ್ಧ ಗಂಟೆಯಲ್ಲಿ ಬಳ್ಳಾರಿಗೆ ಫೋನ್ ಮಾಡಿದರು.

ಔಷಧಿ ಹೊಡೆಯಲು ಬಂದವನು ಪ್ರಸಾದ್ ಅಂತ. ಬೆನ್ನಿಗೆ ಡಬ್ಬ, ಮುಖಕ್ಕೆ ಮಾಸ್ಕು, ಅರ್ಧ ಕನ್ನಡ ಅರ್ಧ ತೆಲುಗು. ನವೆಂಬರ್ ಹದಿಮೂರು, ಬುಧವಾರ. ನೆನಪಿಟ್ಟುಕೋ. ನಾನು ಅವನು ಬರುವ ಮುಂಚೆಯೇ ಮಾಡಿದ ಮೊದಲ ಕೆಲಸ ಯಾವುದು ಗೊತ್ತಾ? ನಿನ್ನ ಹುಳಕ್ಕೆಂದು ಕೂಡಿಟ್ಟಿದ್ದ ಪೇಪರ್ ಕಟ್ಟನ್ನು ಎತ್ತಿಕೊಂಡು ಹೋಗಿ ಎದುರುಮನೆ ಜಂಬಯ್ಯನವರ ಪಡಸಾಲೆಯಲ್ಲಿ ಇಟ್ಟಿದ್ದು. ಮನೆಯ ದೇವರ ಪಟ ಆಮೇಲೆ ಸಾಗಿಸಿದೆ. ಹನ್ನೊಂದು ವರ್ಷದಿಂದ ನಿನ್ನ ಒಂದೊಂದು ಬೆಳೆಗೂ ಇಲ್ಲಿಂದ ಪೇಪರ್ ಕಳಿಸುತ್ತಿದ್ದೇನೆ. ಊಟ ಮಾಡುವಾಗ ಕೆಳಗೆ ಹಾಸಿದ ಪೇಪರ್ ಅದರಲ್ಲಿ ಸೇರಿಸುವುದಿಲ್ಲ, ಎಣ್ಣೆ ಕೈ ಮುಟ್ಟಿದ್ದು ಸೇರಿಸುವುದಿಲ್ಲ, ಅಗರಬತ್ತಿ ಹತ್ತಿರ ಇಡುವುದಿಲ್ಲ. ಜಂಬಯ್ಯನವರು "ನಿಮ್ಮ ತಂಗಿ ಹುಳ ನನ್ನಕಿಂತ ಮುಂಚೆ ಪೇಪರ್ ಓದ್ತಾವಲ್ರಿ ಅಕ್ಕಾರ" ಎಂದು ಯಾವಾಗಲೂ ಚೇಷ್ಟೆ ಮಾಡುತ್ತಾರೆ.

ಆದರೆ ಅಟ್ಟದ ಮೇಲೆ ಇನ್ನೊಂದು ಗುಡ್ಡೆ ಹಳೇ ಪೇಪರ್ ಇತ್ತು, ಮರೆತೇ ಹೋಗಿತ್ತು. ಪ್ರಸಾದ್ ಅಟ್ಟಕ್ಕೆಲ್ಲ ಹೊಡೆದು ಇಳಿದ ಮೇಲೆ ನೆನಪಾಯಿತು. ಎಸೆಯಬೇಕಾ ಎಂದು ಕೇಳಿದೆ. "ಯಾಕಮ್ಮಾ ಎಸೀತೀರಾ? ಔಷಧಿ ಬಿದ್ದ ಪೇಪರ್ ಅಡುಗೆಮನೆ ಶೆಲ್ಫಿಗೆ ಹಾಸಿ ನೋಡ್ರಿ, ಮೂರು ತಿಂಗ್ಳು ಜಿರಲೆ ಅನ್ನೋದು ಇಟು ರಾದು, ಈ ಕಡೆ ಬರಲ್ಲ" ಅಂದ. ವಾಸನೆ ಬರುವುದಿಲ್ಲವಾ ಅಂದೆ. "ಅದೇ ಅಮ್ಮಾ ಇದರ ಸ್ಪೆಷಲ್, ವಾಸನೆಯೇ ಇಲ್ಲ" ಅಂದ. ಕೈ, ತಟ್ಟೆ, ಶೆಲ್ಫು ಎಲ್ಲ ಎರಡೆರಡು ಸಲ ತೊಳೆದು, ಪಾತ್ರೆ ಇಡದ ಕೆಳಗಿನ ಎರಡು ಅರೆಗಳಿಗೆ ಆ ಪೇಪರ್ ಹಾಸಿದೆ. ಸುಳ್ಳು ಹೇಳುವುದಿಲ್ಲ, ವಾರದಲ್ಲಿ ಒಂದು ಮರಿಯೂ ಕಾಣಿಸಲಿಲ್ಲ. ಹಂಪಕ್ಕ ಕೂಡ "ಏನೋ ಮಾಡೀಯವ್ವ" ಅಂದರು. ಅವರ ಬಾಯಲ್ಲಿ ಅದು ಹೂವಿನ ಹಾರ.

ಅದೇ ಸಂತೋಷ ನನಗೆ ಮುಳುವಾಯಿತು. ದೀಪಾವಳಿಗೆ ಬಂದಾಗ ನಿಮ್ಮ ಅಡುಗೆಮನೆಯ ಬೆಲ್ಲದ ಡಬ್ಬ ತೆಗೆದು ತೋರಿಸಿ "ನೋಡಕ್ಕ, ಜಿರಲೆ ಕಾಟ ಹೆಂಗೈತೆ, ಔಷದಿ ಹೊಡ್ಸಾಣ ಅಂದ್ರೆ ಒಳ್ಗೆ ಹುಳ" ಎಂದು ನೀನು ಅತ್ತುಬಿಟ್ಟಿದ್ದೆಯಲ್ಲ. ಔಷಧಿ ಹೊಡೆಸದೆ ಜಿರಲೆ ಹೋಗುವುದಾದರೆ ನನ್ನ ತಂಗಿಗೂ ಆ ಪೇಪರ್ ಸಿಗಲಿ ಎಂದು ಅನ್ನಿಸಿತು. ಜಂಬಯ್ಯನವರ ಮನೆಯಲ್ಲಿದ್ದ ಒಳ್ಳೆಯ ಪೇಪರನ್ನು ಬಿಳಿ ಹುರಿಯಿಂದ ಕಟ್ಟಿದೆ. ಅಟ್ಟದ ಪೇಪರಿನಲ್ಲಿ ಅರ್ಧವನ್ನು ಗಂಗೋತ್ರಿ ಚಿಕ್ಕವಳಿದ್ದಾಗ ಇಲ್ಲಿ ಬಿಟ್ಟುಹೋಗಿದ್ದ ಕೆಂಪು ಜಡೆ ಟೇಪಿನಿಂದ ಕಟ್ಟಿದೆ, ಗುರುತು ಸಿಗಲಿ ಎಂದು. ಎರಡನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ, ಕೈ ತೊಳೆದುಕೊಂಡು ಬಂದು ಒಂದನ್ನು ಕಟ್ಟಿ, ಮತ್ತೆ ತೊಳೆದುಕೊಂಡು ಬಂದು ಇನ್ನೊಂದನ್ನು ಕಟ್ಟಿ, ಕಂಡಕ್ಟರ್ ಕೈಯಲ್ಲಿ ಕೊಡಿಸಿದೆ. ನಿನ್ನ ಗಂಡ ಮಡಕಶಿರ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಂಡರು. ಆಗ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದೆ: ಬಿಳಿ ಹುರಿಯದು ಹುಳಕ್ಕೆ, ಕೆಂಪು ಟೇಪಿನದು ಅಡುಗೆಮನೆಗೆ. ಅವರು ನಕ್ಕುಬಿಟ್ಟರು. "ಪೇಪರ್ನಾಗೂ ಅಡ್ಗೆಮನೆ ಪೇಪರು, ಹುಳಿನ ಪೇಪರು ಅಂತ ಐತೇನಕ್ಕ?" ಅಂದರು. ನಗಲಿ, ಆದರೆ ನಾನು ಹೇಳಿದ್ದು ಹೇಳಿದ್ದೇ.

ಹತ್ತಿಪ್ಪತ್ತು ದಿನ ಕಳೆದು ಹುಳ ಹೋದ ಸುದ್ದಿ ಬಂದಾಗ ನಾನೇ ಗಾಬರಿಯಲ್ಲಿ ನಿನ್ನ ಗಂಡನಿಗೆ ಫೋನಿನಲ್ಲೇ "ಅಯ್ಯೋ, ನಮ್ಮ ಮನೆಗೆ ಔಷಧಿ ಹೊಡೆಸಿದ್ವು" ಎಂದು ಬಾಯಿಬಿಟ್ಟೆ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ನಿಮ್ಮ ಬಾವ ಬೈದರು. ಕೆಂಪು ಟೇಪಿನ ಕಟ್ಟು ಎಲ್ಲಿದೆ ನೋಡಿ ಎಂದು ಮತ್ತೆ ನಿನ್ನ ಗಂಡನಿಗೆ ಫೋನ್ ಮಾಡಿದೆ. ಹೋಗಿ ನೋಡಿ ಬಂದು ಹೇಳಿದರು: "ಅಡ್ಗೆಮನೆ ಅಟ್ಟದ್ ಮ್ಯಾಲೇ ಐತೆ, ಕಟ್ಟಿದಂಗೇ ಐತೆ. ನಿಮ್ಮ ತಂಗಿ ಇನ್ನೂ ಹಾಸೇ ಇಲ್ಲ."

ಹಾಗಾದರೆ ನನ್ನ ತಪ್ಪು ಎಲ್ಲಿದೆ ಹೇಳು?

ಭಾನುವಾರ ಬೆಳಿಗ್ಗೆ

ನಿನ್ನೆ ಅಷ್ಟಕ್ಕೇ ನಿಲ್ಲಿಸಿದೆ. ಹಂಪಕ್ಕ ಬಂದು "ಪರೀಕ್ಷಾ ಬರೀತಿಯೇನು?" ಎಂದು ಹಾಳೆಯ ಮೇಲೆ ಬಗ್ಗಿದರು.

ಸುದ್ದಿ ಬಂದಾಗಿನಿಂದ ಬೇರೆ ಬೇರೆ ಕಾರಣ ಯೋಚಿಸುತ್ತಿದ್ದೇನೆ. ನಿಮ್ಮ ಪಕ್ಕದ ಹೊಲದ ದೊಡ್ಡಮಲ್ಲಪ್ಪ ಮೆಣಸಿನ ಗಿಡಕ್ಕೆ ಹೊಡೆದಿರಬಹುದಲ್ಲ, ಆ ಗಾಳಿ ಸೊಪ್ಪಿನ ಮೇಲೆ ಬಿದ್ದಿರಬಹುದಲ್ಲ? ನಿನ್ನ ಗಂಡನನ್ನು ಕೇಳಿದರೆ "ಆವಯ್ಯ ಮೆಣಸಿನ ಗಿಡ ಕಿತ್ತು ತಿಂಗ್ಳಾಯ್ತು" ಅಂದರು. ಸೊಪ್ಪು ತರುವ ಚೀಲ ಗೊಬ್ಬರದಂಗಡಿಯದಾ? ಅದೂ ಅಲ್ಲವಂತೆ. ಸೊಳ್ಳೆ ಬತ್ತಿ ಯಾರಾದರೂ ಹಚ್ಚಿದರಾ? ಹುಳದ ಮನೆಗೆ ಹೋಗುವ ಮುಂಚೆ ಕಾಲು ತೊಳೆಯದವರು, ಪೌಡರ್ ಹಾಕಿಕೊಂಡವರು ಯಾರಾದರೂ ಬಂದರಾ? ನನ್ನ ಕೇಳಾಟಕ್ಕೆ ಬೇಸತ್ತು ಅವರು "ಅಕ್ಕಾ, ಸತ್ತೋಗವೆ, ಬಿಡಿ" ಅಂದರು. ನಿಮ್ಮ ಬಾವನೂ ಅದನ್ನೇ ಹೇಳುವುದು. "ಕಟ್ಟು ಬಿಚ್ಚಿಲ್ಲ ಅಂದ ಮ್ಯಾಲ ಮುಗೀತಲ್ಲ. ಇನ್ಯಾಕ ಅದನ್ನ ಕೆದರ್ತಿ?"

ಮುಗಿಯುತ್ತಿತ್ತೋ ಏನೋ. ಆದರೆ ಬುಧವಾರ ನಿಮ್ಮೂರಿನ ಚಿಕ್ಕತಿಮ್ಮಯ್ಯ ಕುರಿ ವ್ಯಾಪಾರಕ್ಕೆಂದು ಈ ಕಡೆ ಬಂದವನು ಮನೆಗೂ ಬಂದ. ಕಾಫಿ ಕುಡಿದು ಲೋಟ ಕೆಳಗಿಡುತ್ತಾ ಹೇಳಿದ: "ಓಬಳಮ್ಮ ಬಾವಿಕಟ್ಟೆ ಮ್ಯಾಲೆ ಎಲ್ರ ಮುಂದೆ ಅಂದ್ಳು ಕಣಕ್ಕ. ನಮ್ಮಕ್ಕನ ಕೈಗುಣ ಮೊದ್ಲಿಂದ್ಲೂ ಅಂಥದ್ದೇ, ಸಣ್ಣೋಳಿದ್ದಾಗ್ಲೇ ಒಂದು ಹುಳದ್ ಬೆಳೆ ಹಾಳ್ ಮಾಡಿದ್ಳು ಅಂತ." ನಾನು ನಗಲು ನೋಡಿದೆ. ಇನ್ನೊಂದು ಕಾಫಿ ಬೇಕಾ ಎಂದು ಕೇಳಿದೆ. ಒಳಗೆ ಬಂದು ಸಿಂಕನ್ನು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಕೈಗುಣ ಅನ್ನುವ ಮಾತನ್ನು ಹನ್ನೊಂದು ವರ್ಷದಿಂದ ನೀನೇ ನನಗೆ ಬೇರೆ ಥರ ಹೇಳುತ್ತಿದ್ದೆ. "ಅಕ್ಕನ ಪೇಪರ್ ಹಾಸಿದ ಬೆಳೆ ಒಂದ್ಸಲನೂ ಕೈಬಿಟ್ಟಿಲ್ಲ, ಅಕ್ಕನ ಕೈಗುಣ" ಎಂದು. ಅದಕ್ಕೇ ಅಲ್ಲವೇ ನಾನು ಪೇಪರಿನವನು ಒಂದು ದಿನ ತಪ್ಪಿಸಿದರೂ ಜಗಳಕ್ಕೆ ಹೋಗುತ್ತಿದ್ದದ್ದು? ಒಳ್ಳೆಯದಾದಾಗ ಒಂದು ಕೈಗುಣ, ಕೆಟ್ಟದ್ದಾದಾಗ ಇನ್ನೊಂದಾ? ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ನನಗೂ ಗೊತ್ತು. ನಿನ್ನದು ಹುಳ ಹೋದ ಸಂಕಟ. ಆದರೂ ಬಾವಿಕಟ್ಟೆಯ ಮೇಲೆ ಅನ್ನಬೇಕಿತ್ತಾ ಓಬಳೀ?

ಸಣ್ಣವಳಿದ್ದಾಗಿನ ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನನಗೆ ಹನ್ನೊಂದು, ನಿನಗೆ ಐದು. ಮಲೇರಿಯಾದವರು ಗೋಡೆಗೆ ಹೊಡೆದು ಹೋಗುವಾಗ ಅಪ್ಪ ಕೇಳಿ ಇಸಿದುಕೊಂಡಿದ್ದ ಡಿಡಿಟಿ ಪುಡಿ ಪೊಟ್ಟಣದಲ್ಲಿತ್ತು. ನಾನು ಶಾಲೆಯಿಂದ ಹೇನು ಹತ್ತಿಸಿಕೊಂಡು ಬಂದು, ಆ ಪುಡಿಯನ್ನು ತಲೆಗೆ ಹಾಕಿಕೊಂಡು ಹುಳದ ತಟ್ಟೆಗಳ ಹತ್ತಿರ ಹೋದೆ, ಹುಳವೆಲ್ಲ ಸತ್ತವು. ಅಪ್ಪ ನನ್ನ ಪಾಟಿಚೀಲವನ್ನು ಅಟ್ಟಕ್ಕೆ ಎಸೆದು "ಇಸ್ಕೂಲಿಂದ ಹೇನು ತಂದ್ಳು, ಹೇನಿಗೆ ಪುಡಿ ಹಾಕಿ ಹುಳ ಕೊಂದ್ಳು. ಇವತ್ತಿಗೆ ಇಸ್ಕೂಲ್ ಸಾಕು" ಎಂದ. ಮಾರನೆಯ ದಿನದಿಂದ ನಾನು ಸೊಪ್ಪು ಕುಯ್ಯಲು ಹೋದೆ. ಇದನ್ನು ಮದುವೆ ಮುಂಜಿಯಲ್ಲೆಲ್ಲ ಹೇಳಿ ನಕ್ಕಿದ್ದಾರೆ, ನಾನೂ ನಕ್ಕಿದ್ದೇನೆ.

ಆವತ್ತಿನಿಂದ ಹುಳ ಅಂದರೆ ನನಗೆ ಭಯ. ಸಾಯಬಾರದ ಹುಳ ಸಾಯುತ್ತದೆ, ಸಾಯಬೇಕಾದದ್ದು ಸಾಯುವುದಿಲ್ಲ. ಈ ಮನೆಯಲ್ಲಿ ಇಪ್ಪತ್ತು ಸಲ ಕೈ ತೊಳೆಯುವುದನ್ನು ನೋಡಿ ಹಂಪಕ್ಕ ನಗುತ್ತಾರೆ. ಅವರಿಗೆ ಇದೆಲ್ಲ ಗೊತ್ತಿಲ್ಲ.

ಇರಲಿ. ಇನ್ನು ಇಲ್ಲಿಯ ಸುದ್ದಿ: ಪ್ರಸಾದ್ ಆರು ತಿಂಗಳ ಗ್ಯಾರಂಟಿ ಅಂದಿದ್ದ, ನಿನ್ನೆ ಸಿಂಕಿನ ಕೆಳಗೆ ಒಂದು ಜಿರಲೆ ಕಂಡಿತು. ಹೊಡೆಯಲು ಚಪ್ಪಲಿ ಎತ್ತಿದೆ, ಕೈ ಬರಲಿಲ್ಲ, ಅದು ಆರಾಮಾಗಿ ಹೋಯಿತು. ಜಂಬಯ್ಯನವರು ಆ ಜೀನ್ಸ್ ಚಿಂದಿಯ ಮೇಲೆ ಪುರಸಭೆಗೆ ಅರ್ಜಿ ಬರೆದಿದ್ದಾರೆ, ನನ್ನ ಸಹಿಯನ್ನೂ ಹಾಕಿಸಿಕೊಂಡರು. ನಮ್ಮ ಅರೆಗಳಲ್ಲಿದ್ದ ಔಷಧಿ ಪೇಪರನ್ನೆಲ್ಲ ತೆಗೆದು ಮಣ್ಣಿನಲ್ಲಿ ಹೂತೆ. ನೀವೂ ಅದನ್ನು ಸುಡಬೇಡಿ, ಹೊಗೆ ತೋಟದ ಕಡೆ ಹೋಗುತ್ತದೆ.

ಹುಳದ ಮನೆಯನ್ನು ಸುಣ್ಣ, ಬ್ಲೀಚಿಂಗ್ ಹಾಕಿ ತೊಳೆಸು. ತಟ್ಟೆ, ಚಂದ್ರಿಕೆಗಳನ್ನು ಬಿಸಿಲಿಗೆ ಹಾಕು. ಬಿಳಿ ಹುರಿಯ ಪೇಪರನ್ನೂ ಮುಟ್ಟಬೇಡ, ನನ್ನ ಮನೆಯಿಂದ ಬಂದದ್ದು ಏನೂ ಬೇಡ. ತೋಟವನ್ನು ಮಾತ್ರ ಕೀಳಲು ಬಿಡಬೇಡ. ಗಿಡಕ್ಕೆ ಏನೂ ಆಗಿಲ್ಲ, ಗಿಡ ಏನೂ ಮಾಡಿಲ್ಲ ಎಂದು ನಿನ್ನ ಗಂಡನಿಗೆ ಹೇಳು. ನಾನು ಹೇಳಿದರೆ ನಗುತ್ತಾರೆ.

ಗಂಗೋತ್ರಿಗೆ ದೊಡ್ಡಮ್ಮನ ಮುತ್ತು. ಲಕ್ಷ್ಮೀನರಸಪ್ಪನವರಿಗೆ ನಮಸ್ಕಾರ. ಮುಂದಿನ ಹುಳ ಬೆಳ್ಳಗೆ ಗಟ್ಟಿಯಾಗಿ ಗೂಡು ಕಟ್ಟಲಿ, ನಿನ್ನ ಮನೆಯ ಒಲೆ ಒಂದು ದಿನವೂ ಆರದಿರಲಿ, ನಿನಗೆ ಬರುವ ಕಷ್ಟ ದಾರಿ ತಪ್ಪಿಯಾದರೂ ಬೇರೆ ಕಡೆ ಹೋಗಲಿ.

ನಿನ್ನ ಅಕ್ಕ,
ಲಕ್ಷ್ಮಿದೇವಿ

ಮರೆತ ಮಾತು: ಮರೆತಿರಲಿಲ್ಲ. ಬರೆಯುವುದೋ ಬೇಡವೋ ಎಂದು ಕೂತಿದ್ದೆ.

ನಿನ್ನ ಗಂಡನಿಗೆ ಸ್ಪಷ್ಟವಾಗಿ ಹೇಳಿದೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ಅರ್ಧ. ಕೆಂಪು ಟೇಪಿನದು ಅಡುಗೆಮನೆಗೆ ಎಂದು ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಅವರು ನಕ್ಕರಲ್ಲ, ಇನ್ನು ಔಷಧಿ ಬಿದ್ದ ಪೇಪರ್ ಎಂದರೆ ಬಸ್‌ಸ್ಟ್ಯಾಂಡಿನಲ್ಲೇ ಎಸೆದು ಹೋಗುತ್ತಾರೆ ಅನ್ನಿಸಿ ಮಾತು ನುಂಗಿಕೊಂಡೆ. ನಿನಗೆ ಆಮೇಲೆ ಹೇಳಿದರಾಯಿತು ಅಂದುಕೊಂಡೆ. ನೀನು ಹುಳದ ಕೆಲಸದಲ್ಲಿದ್ದೆ, ನಾನು ಹಂಪಕ್ಕನ ಕಿವಿ ಮಿಷನ್ ರಿಪೇರಿಗೆ ಓಡಾಡುತ್ತಿದ್ದೆ. ಹೇಳಲಿಲ್ಲ.

ಇನ್ನೊಂದು. ಆ ಡಿಡಿಟಿ ಪುಡಿಯನ್ನು ನಾನು ನನ್ನ ತಲೆಗೆ ಹಾಕಿಕೊಂಡಿರಲಿಲ್ಲ. ನಿನ್ನ ತಲೆಗೆ ಹಾಕಿದ್ದು. ನೀನು ಕೆರೆದು ಕೆರೆದು ತಲೆಯೆಲ್ಲ ರಕ್ತ ಮಾಡಿಕೊಂಡು ಅಳುತ್ತಿದ್ದೆ, ಅವ್ವ ಕೂಲಿಗೆ ಹೋಗಿದ್ದಳು. ಪುಡಿ ಹಾಕಿ, ಎರಡು ಜಡೆ ಹೆಣೆದು, ಕೆಂಪು ಟೇಪು ಕಟ್ಟಿ, ಹೊರಗೆ ಆಡಿಕೋ ಎಂದು ಕಳಿಸಿದೆ. ನೀನು ಹೋಗಿ ಹುಳದ ತಟ್ಟೆಗಳ ಕೆಳಗೆ ತಣ್ಣಗಿದೆ ಎಂದು ಮಲಗಿದ್ದೆ. ಅಪ್ಪ ಯಾರ ತಲೆಗೆ ಎಂದು ಕೇಳಲೇ ಇಲ್ಲ. ನಾನು ಹೇಳಲಿಲ್ಲ, ಹೇಳಿದ್ದರೆ ಏಟು ನಿನಗೂ ಬೀಳುತ್ತಿತ್ತು. ಇದನ್ನು ನಿನ್ನನ್ನು ಅಳಿಸಲು ಬರೆಯುತ್ತಿಲ್ಲ. ಕೈಗುಣ ಅಂದೆಯಲ್ಲ, ಆ ಕೈ ಎರಡು ಸಲವೂ ಯಾರ ಕಾಟ ತಪ್ಪಿಸಲು ಹೋಗಿತ್ತು ಎಂದು ನಿನಗೆ ಒಬ್ಬಳಿಗಾದರೂ ಗೊತ್ತಿರಲಿ.

ಈಗ ಒಂದು ಕೆಲಸ ಮಾಡು. ಆ ಕೆಂಪು ಟೇಪಿನ ಗಂಟು ನಾನು ನಿನ್ನ ಜಡೆಗೆ ಹಾಕುತ್ತಿದ್ದ ಗಂಟೇ. ಎರಡು ಸುತ್ತು ಸುತ್ತಿ, ಕುಣಿಕೆಯ ಎರಡು ಕಿವಿ ಬಿಟ್ಟು, ಎಡಗಡೆಯ ಕಿವಿಯನ್ನು ಮಡಚಿ ಒಳಗೆ ತೂರಿಸುವುದು, ನೀನು ಶಾಲೆಗೆ ಓಡುವಾಗ ಬಿಚ್ಚದಿರಲಿ ಎಂದು. ಅವ್ವನಿಗೂ ಅದು ಬರುತ್ತಿರಲಿಲ್ಲ, ಬೇರೆ ಯಾರಿಗೂ ಬರುವುದಿಲ್ಲ. ಹಾಸು ಬದಲಾಯಿಸುವ ದಿನ ಪೇಪರ್ ಸಾಲದೆ ಯಾರಾದರೂ ಬಿಚ್ಚಿ, ನಾಲ್ಕು ಹಾಳೆ ತೆಗೆದು, ಮತ್ತೆ ಕಟ್ಟಿಟ್ಟಿದ್ದರೂ ಕಟ್ಟು ಕಟ್ಟಿದ ಹಾಗೇ ಕಾಣುತ್ತದೆ. ನಿನ್ನ ಗಂಡ ನೋಡಿ ಹೇಳಿದ್ದು ಕಟ್ಟನ್ನು. ನೀನೇ ಅಟ್ಟ ಹತ್ತಿ, ಕೈಯಿಂದ ಮುಟ್ಟದೆ, ಎಡಗಡೆಯ ಕಿವಿ ಒಳಗಿದೆಯಾ ಹೊರಗಿದೆಯಾ ಎಂದು ಗಂಟನ್ನು ನೋಡು. ಹೊರಗಿದ್ದರೆ ಯಾರೋ ಬಿಚ್ಚಿ ಕಟ್ಟಿದ್ದಾರೆ. ಯಾವುದಾದರೂ ಸರಿ, ನೀನೇ ಫೋನ್ ಮಾಡಿ ಹೇಳು.